ಎಲ್‌ಕೆಎಸ್ ಫ್ರಾನ್ಸ್ ಪರ ಪಕ್ಷವೇ?

ಪ್ರಶ್ನೆ: ಫ್ರಾನ್ಸ್ ಆಳ್ವಿಕೆಯ ಪೆಸಿಫಿಕ್ ದ್ವೀಪಸಮೂಹ ನ್ಯೂ ಕ್ಯಾಲೆಡೋನಿಯಾದಲ್ಲಿ 1984ರ ಚುನಾವಣೆಯನ್ನು ಸ್ವಾತಂತ್ರ್ಯವಾದಿಗಳು ಬಹಿಷ್ಕರಿಸಿದರು. ಅವರ ಪೈಕಿ ಎಲ್‌ಕೆಎಸ್ ಪಕ್ಷ ಮಾತ್ರ ಸ್ಪರ್ಧಿಸಿತು. ಹಾಗಾದರೆ ಅದು ಫ್ರಾನ್ಸ್ ಪರ ಪಕ್ಷವೇ ತಾನೆ?

ಉತ್ತರ: ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಪಕ್ಷದ ಹೆಸರೇ 'ಕನಾಕ್ ಸಮಾಜವಾದಿ ವಿಮೋಚನೆ'. ಕನಾಕ್ ಎಂದರೆ ಅಲ್ಲಿನ ಮೂಲನಿವಾಸಿಗಳು. 1981ರಲ್ಲಿ ಅದನ್ನು ಕಟ್ಟಿದವರು ಮಾರೆ ದ್ವೀಪದ ನಿಡೊಯಿಶ್ ನೆಸ್ಸೆಲಿನ್. ಪ್ಯಾರಿಸ್‌ನಲ್ಲಿ ಓದಿ ಬಂದ ಇವರು 1969ರಲ್ಲಿ 'ಕೆಂಪು ಸ್ಕಾರ್ಫ್' ಎಂಬ ಯುವಕರ ಗುಂಪು ಕಟ್ಟಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರನ್ನು ಬಂಧಿಸಿದ್ದು ಯಾವ ತಪ್ಪಿಗೆ ಗೊತ್ತೇ? ಮಾರೆಯ ನೆಂಗೋನೆ, ಪಕ್ಕದ ಲಿಫೂ ದ್ವೀಪದ ಡ್ರೆಹು ಭಾಷೆಗಳಲ್ಲಿ ಕರಪತ್ರ ಹಂಚಿದ್ದಕ್ಕೆ! ಅಮ್ಮನ ಮಾತನ್ನು ಅಚ್ಚು ಹಾಕಿಸುವುದೇ ಅಲ್ಲಿ ಅಪರಾಧವಾಗಿತ್ತು. ಬಂಧನದ ಸುದ್ದಿಗೆ ರಾಜಧಾನಿ ನೂಮಿಯಾದಲ್ಲಿ ಗಲಭೆ ಎದ್ದಿತು. ಇಂಥವರನ್ನು ಫ್ರಾನ್ಸ್ ಪರ ಎನ್ನಲು ನನಗಂತೂ ನಾಲಗೆ ಹೊರಳುವುದಿಲ್ಲ.

ಗೊಂದಲ ಹುಟ್ಟಿದ್ದು ಮತದಾನದ ದಿನ, 1984ರ ನವೆಂಬರ್ 18ರಂದು. ಅಂದು ಕನಾಲಾ ಊರಿನಲ್ಲಿ ಬಹಿಷ್ಕಾರದ ಪರ ಇದ್ದ ಸ್ವಾತಂತ್ರ್ಯವಾದಿ ನಾಯಕ ಎಲೋಯಿ ಮಶೊರೊ ಕೊಡಲಿ ಎತ್ತಿ ಮತಪೆಟ್ಟಿಗೆಯನ್ನೇ ಒಡೆದರು. ಆ ಚಿತ್ರ ಲೋಕಕ್ಕೆಲ್ಲ ತಲುಪಿತು, ಚುನಾವಣೆಗೆ ನಿಂತ ಎಲ್‌ಕೆಎಸ್ ಪಾಲಿಗೆ 'ದ್ರೋಹಿ' ಎಂಬ ಹಣೆಪಟ್ಟಿ ಉಳಿಯಿತು. ಆದರೆ ಭಿನ್ನಾಭಿಪ್ರಾಯ ಇದ್ದದ್ದು ದಾರಿಯ ಬಗ್ಗೆ, ಗುರಿಯ ಬಗ್ಗೆ ಅಲ್ಲ. ಸ್ವಾತಂತ್ರ್ಯವಾದಿಗಳ ಹೊಸ ಒಕ್ಕೂಟ ಎಫ್‌ಎಲ್‌ಎನ್‌ಕೆಎಸ್, ಆ ಚುನಾವಣೆಯಿಂದ ರಚನೆಯಾಗಬೇಕಿದ್ದ ಶಾಸನಸಭೆಯನ್ನೇ ಧಿಕ್ಕರಿಸಿತು, ಎಲ್‌ಕೆಎಸ್ ಒಕ್ಕೂಟದಿಂದ ಹೊರಗುಳಿದು ಸಭೆಯೊಳಗೆ ಹೋಗಲು ಹೊರಟಿತು. ಆ ಆಯ್ಕೆ ತಪ್ಪೆನ್ನಿ, ಒಪ್ಪುತ್ತೇನೆ. ಸ್ವಾತಂತ್ರ್ಯವೇ ಬೇಡವೆಂದವರ ಸಾಲಿಗೆ ಮಾತ್ರ ಸೇರಿಸಬೇಡಿ.

ಯಾರೂ ಕೇಳದ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನೆಸ್ಸೆಲಿನ್ (2015ರಲ್ಲಿ ತೀರಿಕೊಂಡರು) ಮಾರೆಯ ಗುವಾಮಾ ಸೀಮೆಯ ವಂಶಪಾರಂಪರ್ಯ ಮಹಾಮುಖ್ಯಸ್ಥರೂ ಆಗಿದ್ದರು. ಮುಖ್ಯಸ್ಥನೂ ಸಮಾಜವಾದಿಯೂ ಒಬ್ಬನೇ ಆಗುವುದು ಹೇಗೆ? ಮುಖ್ಯಸ್ಥ ಎಂದೊಡನೆ ನಮ್ಮ ಕಣ್ಣಿಗೆ ಜಮೀನ್ದಾರ ಬರುತ್ತಾನೆ. ಅಲ್ಲಿ ಹಾಗಲ್ಲ. ಮಾರೆಯ ನೆಲ ಕುಲಗಳದ್ದು, ಮುಖ್ಯಸ್ಥನ ಸ್ವಂತದ್ದಲ್ಲ. ಅದನ್ನು ಮಾರುವಂತಿಲ್ಲ, ಸಾಲಕ್ಕೆ ಜಪ್ತಿ ಮಾಡುವಂತೆಯೂ ಇಲ್ಲ. ಆ ಊರಿಗೆ ಹೋದವರು ಮೊದಲು ಒಂದು ತುಂಡು ಬಟ್ಟೆ, ಒಂದಿಷ್ಟು ತಂಬಾಕು, ಒಂದು ನೋಟು ಮುಂದಿಟ್ಟು, ತಾವು ಯಾರು, ಯಾಕೆ ಬಂದೆವು ಎಂದು ಹೇಳಿಕೊಳ್ಳಬೇಕು. ಇದು ಬಾಡಿಗೆಯೂ ಅಲ್ಲ, ಕಂದಾಯವೂ ಅಲ್ಲ. 'ಈ ನೆಲದವರು ನೀವು' ಎಂದು ಬಂದವರು ಊರಿನವರನ್ನು ಒಪ್ಪಿಕೊಂಡ ಗುರುತು.