ಕಣ್ಣುಕುರುವಿಗೆ ಉಷ್ಣವೇ ಕಾರಣವೇ?

ಅಡಿಕೆ ಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಮಂದಿಗೆಲ್ಲ ನಿದ್ದೆ ಕಡಿಮೆ. ರಾತ್ರಿ ಹೊತ್ತಾದರೂ ಮೆಟ್ಟುಗತ್ತಿಯ ಮುಂದೆ ಕುಳಿತವರು ಏಳುವುದಿಲ್ಲ. ಅಡಿಕೆ ಬೇಯಿಸುವ ಒಲೆಯ ಹೊಗೆ ಬೇರೆ. ಕಣ್ಣು ಉರಿಯುತ್ತದೆ, ಚೊಗರು ಹತ್ತಿದ ಬೆರಳಿನಿಂದಲೇ ಉಜ್ಜಿಕೊಳ್ಳುತ್ತಾರೆ. ಹೀಗೆ ಉಜ್ಜಿಕೊಂಡವರಲ್ಲಿ ಯಾರಿಗಾದರೂ ರೆಪ್ಪೆಯ ಅಂಚಿನಲ್ಲಿ ಕೆಂಪಗೆ ಒಂದು ಕುರು ಎದ್ದರೆ, "ಉಷ್ಣವಾಗಿದೆ, ಮಜ್ಜಿಗೆ ಕುಡಿ" ಎನ್ನುತ್ತಾರೆ ಹಿರಿಯರು. ಮಜ್ಜಿಗೆ ಕುಡಿದರೆ ನಷ್ಟವೇನೂ ಇಲ್ಲ. ಆದರೆ ಕುರುವಿನ ಕಾರಣ ಹೊಟ್ಟೆಯಲ್ಲಿಲ್ಲ, ರೆಪ್ಪೆಯ ಅಂಚಿನಲ್ಲೇ ಇದೆ.

ಕೈ ತೊಳೆದುಕೊಂಡು, ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ತುಸು ಕೆಳಗೆಳೆದು ನೋಡಿ. ಕೂದಲಿನ ಸಾಲಿನ ಹಿಂದೆ, ಕಣ್ಣುಗುಡ್ಡೆಗೆ ತಾಗುವ ಅಂಚಿನ ಮೇಲೆ ತೀರ ಸಣ್ಣ ಚುಕ್ಕೆಗಳ ಸಾಲೊಂದು ಕಾಣುತ್ತದೆ. ಅವು ಎಣ್ಣೆ ಸ್ರವಿಸುವ ಗ್ರಂಥಿಗಳ ಬಾಯಿಗಳು. ಜರ್ಮನಿಯ ವೈದ್ಯ ಹೈನ್ರಿಷ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರಿಸಿದ್ದರಿಂದ ಮೈಬೋಮಿಯನ್ ಗ್ರಂಥಿಗಳೆಂದೇ ಹೆಸರು. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಕಣ್ಣು ಮಿಟುಕಿಸಿದಾಗಲೆಲ್ಲ ಇವುಗಳಿಂದ ಜಿನುಗುವ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡಿ, ಅದು ಬೇಗ ಆವಿಯಾಗದಂತೆ ಕಾಯುತ್ತದೆ. ರೆಪ್ಪೆಗೂದಲಿನ ಬುಡದಲ್ಲಿಯೂ ಎಣ್ಣೆಯ ಮತ್ತು ಬೆವರಿನ ಪುಟ್ಟ ಗ್ರಂಥಿಗಳಿವೆ. ಸೋಂಕು ತಗಲುವುದು ಇವುಗಳಲ್ಲಿ ಯಾವುದಾದರೊಂದಕ್ಕೆ. ಕೂದಲಿನ ಬುಡದ್ದಾದರೆ ಕುರು ಹೊರಕ್ಕೆ ಮುಖ ಮಾಡುತ್ತದೆ. ಮೈಬೋಮಿಯನ್ ಗ್ರಂಥಿಯದಾದರೆ ರೆಪ್ಪೆಯ ಒಳಮೈಯಲ್ಲಿ ಬಾತುಕೊಳ್ಳುತ್ತದೆ, ನೋವೂ ಹೆಚ್ಚು.

ಸೋಂಕು ತರುವುದು ಬಹುಪಾಲು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅಬರ್ಡೀನಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ಸುಮಾರಿಗೆ ಕುರುಗಳ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ ಈ ದುಂಡು ಜೀವಿಗಳನ್ನೇ. ಇವು ಎಲ್ಲಿಂದಲೋ ಹಾರಿ ಬರಬೇಕಾಗಿಲ್ಲ. ಆರೋಗ್ಯವಂತರಲ್ಲೇ 10 ಮಂದಿಯಲ್ಲಿ ಸುಮಾರು ಮೂವರ ಮೂಗಿನಲ್ಲಿ ಏನೂ ತೊಂದರೆ ಕೊಡದೆ ವಾಸವಾಗಿರುತ್ತವೆ. ಮೂಗು ಮುಟ್ಟಿದ ಬೆರಳು ಕಣ್ಣಿಗೆ ಹೋದರೆ ದಾರಿ ಸಿಕ್ಕಿತು. ಅದೇ ಹೊತ್ತಿಗೆ ಗ್ರಂಥಿಯ ಬಾಯಿ ಕಟ್ಟಿದ್ದರೆ ಒಳಗೆ ನಿಂತ ಎಣ್ಣೆಯಲ್ಲಿ ಅವು ನಿರಾತಂಕವಾಗಿ ಬೆಳೆಯುತ್ತವೆ.

ಹಾಗಾದರೆ ಬಾಯಿ ಕಟ್ಟುವುದೇಕೆ? ಪದೇ ಪದೇ ಕುರು ಏಳುವವರಲ್ಲಿ ನನಗೆ ಮೊದಲು ಅನುಮಾನ ಬರುವುದು ಬ್ಲೆಫರೈಟಿಸ್ ಮೇಲೆ, ಅಂದರೆ ರೆಪ್ಪೆಯಂಚಿನ ಬಹುಕಾಲದ ಉರಿಯೂತ. ತಲೆಯಲ್ಲಿ ಹೊಟ್ಟು ಇರುವವರಿಗೆ ರೆಪ್ಪೆಗೂದಲಿನ ಬುಡದಲ್ಲೂ ಅಂಥದೇ ಪುಡಿ ಅಂಟಿರುವುದುಂಟು. ಬೆಳಿಗ್ಗೆ ಎದ್ದಾಗ ಅಂಚು ಅಂಟಂಟಾಗಿ, ಕೆಂಪಗೆ, ನವೆಯಾಗಿರುತ್ತದೆ. ನವೆಗೆ ಉಜ್ಜುತ್ತಾರೆ, ಉಜ್ಜಿದ ಕೈ ಮತ್ತಷ್ಟು ಸೋಂಕು ತರುತ್ತದೆ. ಕಾಡಿಗೆಯೂ ಅಂಚಿನ ಮೇಲೇ ಕೂರುತ್ತದೆ. ಮನೆಯಲ್ಲಿ ಹರಳೆಣ್ಣೆ ದೀಪದಿಂದ ಮಾಡಿದ್ದಾದರೂ ಅಷ್ಟೆ, ರಾತ್ರಿ ಒರೆಸದೆ ಮಲಗಿದರೆ ಗ್ರಂಥಿಯ ಬಾಯಿ ಮುಚ್ಚಬಹುದು. ಒಂದೇ ಡಬ್ಬಿಯನ್ನು ಅಕ್ಕತಂಗಿಯರೆಲ್ಲ ಹಂಚಿಕೊಂಡರೆ ಬ್ಯಾಕ್ಟೀರಿಯಾವೂ ಹಂಚಿಹೋಗುತ್ತದೆ. ಆಷಾಢದ ಮಳೆಯಲ್ಲಿ ವಾರವಾದರೂ ಒಣಗದ, ಮನೆಮಂದಿಯೆಲ್ಲ ಮುಖ ಒರೆಸುವ ಆ ಒಂದು ಟವೆಲನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕೈ ಶುಚಿಯಾಗಿಲ್ಲದಿದ್ದರೂ ಇದೇ ಕಥೆ. ಕುರು ಬಿಟ್ಟೂಬಿಡದೆ ಬರುತ್ತಿದ್ದರೆ ಒಮ್ಮೆ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಮಧುಮೇಹಿಗಳಲ್ಲಿ ಸೋಂಕು ತಡೆಯುವ ಶಕ್ತಿ ಕುಗ್ಗಿರುತ್ತದೆ.

ಉಷ್ಣದಿಂದ ಬಂತೆಂದು ನಂಬಿದವರು ತಣ್ಣೀರು ಬಟ್ಟೆ ಹಾಕುತ್ತಾರೆ. ಬೇಕಾದದ್ದು ಬಿಸಿ. ಗ್ರಂಥಿಯ ಎಣ್ಣೆ ಕಾವಿಗೆ ಸಡಿಲಗೊಂಡು ಕಟ್ಟಿದ ಬಾಯಿ ಬಿಡುತ್ತದೆ. ನಮ್ಮ ಬಚ್ಚಲುಮನೆಗಳಲ್ಲಿ ಹಂಡೆಯ ನೀರು ಕಾದೇ ಇರುತ್ತದಲ್ಲ, ಅದನ್ನು ಹದ ಮಾಡಿಕೊಂಡು, ಶುಭ್ರವಾದ ಬಟ್ಟೆ ಅದ್ದಿ ಹಿಂಡಿ, ಕಣ್ಣು ಮುಚ್ಚಿ ರೆಪ್ಪೆಯ ಮೇಲೆ 10 ನಿಮಿಷ ಇಡಬೇಕು. ಆರಿದಂತೆಲ್ಲ ಮತ್ತೆ ಅದ್ದಬೇಕು. ದಿನಕ್ಕೆ ಮೂರು ನಾಲ್ಕು ಬಾರಿ ಹೀಗೆ ಮಾಡಿದರೆ ಹೆಚ್ಚಿನವು ಒಂದೆರಡು ವಾರದಲ್ಲಿ ತಾವೇ ಒಡೆದು ಇಳಿಯುತ್ತವೆ. ಬಟ್ಟೆ ಮಾತ್ರ ಪ್ರತಿಸಲವೂ ಒಗೆದದ್ದಾಗಿರಲಿ. ಅಂಗೈಗೆ ಬೆರಳು ತಿಕ್ಕಿ ಕಾವು ಕೊಡುವ ಅಜ್ಜಿಯರ ಮದ್ದಿನಲ್ಲಿ ಕಾವಿನ ವಿಚಾರ ಸರಿಯಾಗಿಯೇ ಇದೆ, ತೊಂದರೆ ಇರುವುದು ತೊಳೆಯದ ಬೆರಳಿನಲ್ಲಿ. ಲವಂಗ ತೇಯ್ದು ಹಚ್ಚುವುದನ್ನಂತೂ ಬಿಡಲೇಬೇಕು, ಕಣ್ಣೊಳಗೆ ಇಳಿದರೆ ಸುಡುತ್ತದೆ. ಕುರುವನ್ನು ಹಿಸುಕಲೂಬಾರದು, ಸೋಂಕು ಸುತ್ತಲಿನ ಮಾಂಸಕ್ಕೆ ಹರಡೀತು.

ರೆಪ್ಪೆಯಿಡೀ ಊದಿಕೊಂಡು ಜ್ವರ ಬಂದರೆ, ದೃಷ್ಟಿ ಮಂಜಾದರೆ, ಕಣ್ಣು ಹೊರಳಿಸಲು ನೋವಾದರೆ ಬಿಸಿ ಬಟ್ಟೆಯನ್ನು ನಂಬಿ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು. ನೋವೆಲ್ಲ ಹೋಗಿ ಗಟ್ಟಿ ಗಂಟೊಂದು ಉಳಿದರೆ ಅದು ಕಲೇಜಿಯಾನ್ ಇರಬಹುದು. ಅದರಲ್ಲಿ ಸೋಂಕಿಲ್ಲ, ಕಟ್ಟಿನಿಂತ ಎಣ್ಣೆಗೆ ದೇಹ ತೋರಿದ ಪ್ರತಿಕ್ರಿಯೆ ಅಷ್ಟೆ. ಕರಗದಿದ್ದರೆ ಕಣ್ಣಿನ ವೈದ್ಯರು ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ತೆಗೆಯುತ್ತಾರೆ. ವಯಸ್ಸಾದವರಲ್ಲಿ ಅಂಥ ಗಂಟು ಅದೇ ಜಾಗದಲ್ಲಿ ಮತ್ತೆ ಮತ್ತೆ ಎದ್ದರೆ, ಅಲ್ಲಿನ ಕೂದಲು ಉದುರಿದ್ದರೆ, ಬಯಾಪ್ಸಿ ಮಾಡಿಸುವುದು ಅಗತ್ಯ. ಇದೇ ಎಣ್ಣೆಗ್ರಂಥಿಗಳಲ್ಲಿ ಹುಟ್ಟುವ ಕ್ಯಾನ್ಸರ್ ಮೊದಮೊದಲು ಸಾಧಾರಣ ಗಂಟಿನ ರೂಪದಲ್ಲೇ ಇರುತ್ತದೆ, ಮತ್ತು ರೆಪ್ಪೆಯ ಕ್ಯಾನ್ಸರ್‌ಗಳಲ್ಲಿ ಅದರ ಪಾಲು ಪಾಶ್ಚಾತ್ಯ ದೇಶಗಳಿಗಿಂತ ಭಾರತದಲ್ಲಿ ಹೆಚ್ಚು.