ತಯಾರಿಕೆ ನಿಂತ ಮೇಲೆ ಬಂದ ವಿಂಗ್ಲೆಟ್: ಬೋಯಿಂಗ್ 757ರ ಎರಡನೇ ಆಯಸ್ಸು

ಇಂದು ಪ್ರಯಾಣಿಕರನ್ನು ಹೊತ್ತು ಹಾರುವ ಬಹುತೇಕ ಬೋಯಿಂಗ್ 757 ವಿಮಾನಗಳ ರೆಕ್ಕೆಯ ತುದಿ ಮೇಲಕ್ಕೆ ಬಾಗಿ ನಿಂತಿರುತ್ತದೆ. 1983ರ ಜನವರಿ 1ರಂದು ಈಸ್ಟರ್ನ್ ಏರ್‌ಲೈನ್ಸ್ ಈ ವಿಮಾನವನ್ನು ಸೇವೆಗೆ ಇಳಿಸಿದಾಗ ಈ ತುದಿ ಇರಲಿಲ್ಲ. 2004ರ ಅಕ್ಟೋಬರಿನಲ್ಲಿ, ಒಟ್ಟು 1,050 ವಿಮಾನಗಳ ಬಳಿಕ, ರೆಂಟನ್ ಕಾರ್ಖಾನೆಯಲ್ಲಿ ತಯಾರಿಕೆ ನಿಂತಾಗಲೂ ಇರಲಿಲ್ಲ. ವಿಂಗ್ಲೆಟ್ ಎಂದು ಕರೆಯುವ ಈ ಜೋಡಣೆಗೆ 757ರ ಮಟ್ಟಿಗೆ ಅಮೆರಿಕದ ನಿಯಂತ್ರಕರ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ. ತಯಾರಿಕೆಯೇ ನಿಂತುಹೋದ ವಿಮಾನಕ್ಕೆ ಹೊಸ ಅಂಗ ಕೂಡಿಸುವ ಅಗತ್ಯ ಏಕೆ ಬಂತು ಎಂಬುದಕ್ಕೆ ವಿಜ್ಞಾನಕ್ಕಿಂತ ಇಂಧನದ ಬೆಲೆಯೇ ಹೆಚ್ಚು ಸರಿಯಾದ ಉತ್ತರ ಕೊಡುತ್ತದೆ.

ವಿಜ್ಞಾನ ಹಳೆಯದೇ. ಹಾರುವ ವಿಮಾನದ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಡಿಮೆ. ತುದಿಯಲ್ಲಿ ತಡೆಯುವುದೇನೂ ಇಲ್ಲದ ಕಾರಣ ಕೆಳಗಿನ ಗಾಳಿ ಮೇಲಕ್ಕೆ ಹೊರಳಿ ಸುಳಿಯಾಗುತ್ತದೆ. ಆ ಸುಳಿಯನ್ನು ಹುಟ್ಟಿಸಲು ಖರ್ಚಾಗುವ ಶಕ್ತಿಯನ್ನು ಎಂಜಿನ್ನೇ ಕೊಡಬೇಕಾಗುತ್ತದೆ. ರೆಕ್ಕೆಯನ್ನು ಉದ್ದವಾಗಿಸಿದರೆ ಈ ನಷ್ಟ ತಗ್ಗುತ್ತದೆ, ಆದರೆ ನಿಲ್ದಾಣದಲ್ಲಿ ವಿಮಾನ ನಿಲ್ಲಿಸುವ ಜಾಗ ಉದ್ದವಾಗುವುದಿಲ್ಲ. ನಾಸಾದ ಲ್ಯಾಂಗ್ಲಿ ಕೇಂದ್ರದ ರಿಚರ್ಡ್ ವಿಟ್‌ಕೂಂಬ್ 1973ರ ತೈಲ ಬಿಕ್ಕಟ್ಟಿನ ನಂತರದ ವರ್ಷಗಳಲ್ಲಿ ಇದಕ್ಕೊಂದು ದಾರಿ ತೋರಿಸಿದರು: ತುದಿಯಲ್ಲಿ ನೆಟ್ಟಗೆ ನಿಲ್ಲಿಸುವುದು ಬರೀ ಅಡ್ಡ ತಗಡಾಗಿರಬಾರದು, ಅದೇ ಒಂದು ಪುಟ್ಟ ರೆಕ್ಕೆಯಾಗಿರಬೇಕು. ಆಗ ಹೊರಳುವ ಗಾಳಿಯಿಂದಲೇ ಅದು ಮುಂದಕ್ಕೆ ತಳ್ಳುವ ಅಲ್ಪ ಬಲವನ್ನು ಪಡೆಯುತ್ತದೆ. 1979ರಿಂದ ಅಮೆರಿಕದ ವಾಯುಪಡೆಯ ಕೆಸಿ-135 ಎಂಬ, ಹಾರುತ್ತಲೇ ಬೇರೆ ವಿಮಾನಗಳಿಗೆ ಇಂಧನ ತುಂಬಿಸುವ ವಿಮಾನದ ಮೇಲೆ ನಡೆದ ಪರೀಕ್ಷೆಗಳಲ್ಲಿ ಇಂಧನ ಬಳಕೆಯಲ್ಲಿ ಸುಮಾರು ಶೇ 6.5ರಷ್ಟು ಲಾಭ ಕಂಡುಬಂತು. ವಿಚಿತ್ರವೆಂದರೆ, ಪರೀಕ್ಷೆಗೆ ತನ್ನ ವಿಮಾನವನ್ನೇ ಕೊಟ್ಟ ವಾಯುಪಡೆ ತನ್ನ ಕೆಸಿ-135ಗಳಿಗೆ ಅದನ್ನು ಅಳವಡಿಸಲೇ ಇಲ್ಲ.

757 ರೂಪುಗೊಂಡದ್ದು ಇದೇ ಕಾಲದಲ್ಲಿ. ಬೋಯಿಂಗ್‌ನದೇ ಹಳೆಯ 727 ವಿಮಾನದ ಜಾಗಕ್ಕೆಂದು 1978ರಲ್ಲಿ ಆರಂಭವಾದ ಯೋಜನೆ ಅದು. 38 ಮೀಟರ್ ಹರವಿನ ಹೊಸ ರೆಕ್ಕೆ ಮತ್ತು ಎರಡು ದೊಡ್ಡ ಎಂಜಿನ್‌ಗಳಿಂದಲೇ ಬೇಕಾದಷ್ಟು ಇಂಧನ ಉಳಿತಾಯ ಸಾಧ್ಯವಾಗಿತ್ತು. ಎಂಬತ್ತರ ದಶಕದ ನಡುವೆ ತೈಲದ ಬೆಲೆ ಕುಸಿದ ಮೇಲಂತೂ ರೆಕ್ಕೆಯ ತುದಿಯ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಕಡಿಮೆಯಾದರು.

ಸುಳಿಯ ಇನ್ನೊಂದು ಮುಖವನ್ನು ಈ ವಿಮಾನದ ಚರಿತ್ರೆಯಿಂದ ಬಿಡುವಂತಿಲ್ಲ. 1992ರ ಡಿಸೆಂಬರಿನಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ, ಮರುವರ್ಷ ಅದೇ ತಿಂಗಳು ಕ್ಯಾಲಿಫೋರ್ನಿಯಾದ ಸಾಂತಾ ಆನಾ ಬಳಿ, 757ರ ಹಿಂದೆ ಇಳಿಯುತ್ತಿದ್ದ ಸಣ್ಣ ಜೆಟ್‌ಗಳು ಅದರ ಸುಳಿಗೆ ಸಿಕ್ಕಿ ನೆಲಕ್ಕಪ್ಪಳಿಸಿದವು. ಅದರ ಬೆನ್ನಿಗೆ, ತೂಕದಲ್ಲಿ ಮಧ್ಯಮ ಗಾತ್ರದ್ದೇ ಆದ ಈ ವಿಮಾನದ ಹಿಂದೆ ಹೆಚ್ಚಿನ ಅಂತರ ಬಿಡುವ ನಿಯಮ ಅಮೆರಿಕದಲ್ಲಿ ಬಂತು. ವಿಂಗ್ಲೆಟ್ ಹಾಕಿದರೆ ಸುಳಿಯೇ ಇರುವುದಿಲ್ಲ ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ವಿಮಾನ ಹೊತ್ತ ತೂಕಕ್ಕೆ ತಕ್ಕ ಸುಳಿ ಹುಟ್ಟಿಯೇ ತೀರುತ್ತದೆ, ಕಡಿಮೆಯಾಗುವುದು ಅದಕ್ಕೆ ತೆರಬೇಕಾದ ಬೆಲೆ ಮಾತ್ರ.

757ಕ್ಕೆ ಕಡೆಗೂ ಬಂದದ್ದು ಎಂಜಿನಿಯರ್ ಲೂಯಿಸ್ ಗ್ರಾಟ್ಜರ್ ರೂಪಿಸಿದ ಬಗೆಯ ವಿಂಗ್ಲೆಟ್. 747-400 ವಿಮಾನದಲ್ಲಿ ತುದಿಯ ತುಂಡು ರೆಕ್ಕೆಗೆ ಕೋನವಾಗಿ ಕೂಡುತ್ತದೆ, ಆ ಮೂಲೆಯಲ್ಲಿ ಗಾಳಿಯ ಹರಿವು ಕೆಡುತ್ತದೆ. ಇಲ್ಲಿ ಹಾಗಲ್ಲ, ರೆಕ್ಕೆ ಎಲ್ಲಿ ಮುಗಿಯಿತು, ವಿಂಗ್ಲೆಟ್ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದಷ್ಟು ನಯವಾಗಿ ಮೇಲೆದ್ದು, ಆಳೆತ್ತರವನ್ನೂ ಮೀರುತ್ತದೆ. ಹರವು 41 ಮೀಟರಿಗೆ ಏರುತ್ತದೆ, ತುದಿಯಲ್ಲಿ ಹೆಚ್ಚಿದ ಬಲವನ್ನು ತಾಳಲು ರೆಕ್ಕೆಯ ಒಳಗಟ್ಟನ್ನೂ ಬಿಗಿಗೊಳಿಸಬೇಕಾಗುತ್ತದೆ. ಬೋಯಿಂಗ್ ಪಾಲುದಾರಿಕೆಯ ಏವಿಯೇಷನ್ ಪಾರ್ಟ್‌ನರ್ಸ್ ಬೋಯಿಂಗ್ ಸಂಸ್ಥೆ ಈ ಕೆಲಸ ವಹಿಸಿಕೊಂಡಿತು. ಕಾಂಟಿನೆಂಟಲ್ ಏರ್‌ಲೈನ್ಸ್ ಮೊದಲ ಗಿರಾಕಿಗಳಲ್ಲೊಂದು. ದೂರದ ಹಾರಾಟದಲ್ಲಿ ಉಳಿತಾಯ ಶೇ 5ರ ಆಸುಪಾಸು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದಾಗ ಆ ಐದು ಯಾವ ಲೆಕ್ಕಿಗನಿಗೂ ಚಿಕ್ಕದಾಗಿ ಕಾಣಲಿಲ್ಲ.

ಹಣಕ್ಕಿಂತ ದೊಡ್ಡ ಲಾಭ ದೂರದ್ದು. ಅಮೆರಿಕದ ಒಳನಾಡಿಗೆಂದು ಹುಟ್ಟಿದ 757 ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ನಿಂದ ಯುರೋಪಿನ ನಡು ಗಾತ್ರದ ಊರುಗಳಿಗೆ ಅಟ್ಲಾಂಟಿಕ್ ದಾಟತೊಡಗಿತ್ತು. ಅಷ್ಟು ಕಡಿಮೆ ಜನರಿಗಾಗಿ ಅಗಲ ಒಡಲಿನ ವಿಮಾನ ಓಡಿಸಿದರೆ ಗಿಟ್ಟುತ್ತಿರಲಿಲ್ಲ. ವಿಂಗ್ಲೆಟ್ ಈ ಮಾರ್ಗಗಳಿಗೆ ತುಸು ಉಸಿರು ಕೊಟ್ಟಿತು, ಆದರೆ ತುಸು ಮಾತ್ರ. 2011-12ರ ಚಳಿಗಾಲದಲ್ಲಿ ಎದುರುಗಾಳಿ ಜೋರಾದಾಗ, ಯುರೋಪಿನಿಂದ ಮರಳುತ್ತಿದ್ದ ಹಲವು 757ಗಳು ಕೆನಡಾದ ಗ್ಯಾಂಡರ್‌ನಂಥ ಕಡೆ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು.

ಹತ್ತಿರದ ಹಾರಾಟಕ್ಕೆ ಲೆಕ್ಕವೇ ಬೇರೆ. ವಿಂಗ್ಲೆಟ್‌ಗೆ ಅದರದೇ ತೂಕವಿದೆ, ಜೋಡಿಸುವ ಖರ್ಚಿದೆ. ದಿನಕ್ಕೆ ಕೆಲವೇ ಗಂಟೆ ಹಾರುವ ಹಳೆಯ ಸರಕು ವಿಮಾನದಲ್ಲಿ ಆ ಖರ್ಚು ಹುಟ್ಟಲು ವರ್ಷಗಳೇ ಬೇಕಾಗಬಹುದು. ನಮ್ಮ ಬ್ಲೂ ಡಾರ್ಟ್‌ನ 757 ಸರಕು ವಿಮಾನಗಳು ಬೆಂಗಳೂರಿಗೆ ಬಂದುಹೋಗುವುದು ಇಂಥ ದೇಶದೊಳಗಿನ ಮಾರ್ಗಗಳಲ್ಲಿ. ಅತ್ತ ಅಟ್ಲಾಂಟಿಕ್ ಮೇಲೆ 757ರ ಜಾಗ ತುಂಬಲು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2019ರಲ್ಲಿ 50 ಏರ್‌ಬಸ್ ಎ321ಎಕ್ಸ್‌ಎಲ್‌ಆರ್ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಅವುಗಳ ಬಾಗಿದ ತುದಿ ಕಾರ್ಖಾನೆಯಿಂದಲೇ ಬರುತ್ತದೆ.