‘ಸ್ನಾನ ಬೇಕಾ?’: ಆಟಿಸಂ ಸಂಶೋಧನೆಯಲ್ಲಿ ಪ್ರಶ್ನೆ ಬರೆಯುವವರು ಯಾರು?

ಆಟಿಸಂ ಕುರಿತ ಆರಂಭದ ದಾಖಲೆಗಳಲ್ಲೊಂದು ವೈದ್ಯರದ್ದಲ್ಲ, ಒಬ್ಬ ತಂದೆಯದ್ದು. ಅಮೆರಿಕದ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಹುಡುಗನ ಅಪ್ಪ ಮಗನ ನಡೆನುಡಿಯನ್ನೆಲ್ಲ 33 ಪುಟಗಳಲ್ಲಿ ಟೈಪ್ ಮಾಡಿಸಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ ಕಳಿಸಿದ್ದರು. 1943ರಲ್ಲಿ 11 ಮಕ್ಕಳ ಬಗ್ಗೆ ಕ್ಯಾನರ್ ಬರೆದ ಪ್ರಬಂಧದಲ್ಲಿ ಡೊನಾಲ್ಡನೇ ಮೊದಲಿಗ. ತನಗೆ ಸ್ನಾನ ಬೇಕಾದಾಗ ಅವನು ‘ನಿನಗೆ ಸ್ನಾನ ಬೇಕಾ?’ ಎನ್ನುತ್ತಿದ್ದ. ‘ನಾನು–ನೀನು’ ಅದಲುಬದಲಾಗುವ ಈ ಲಕ್ಷಣ ಇಂದಿಗೂ ತಪಾಸಣೆಯ ಪಟ್ಟಿಗಳಲ್ಲಿದೆ. ಭಾರತದಲ್ಲಿ ಬಳಸುವ 40 ಅಂಶಗಳ ‘ಇಸಾ’ ಮಾಪಕದಲ್ಲೂ ಇದೆ.

ಅಪ್ಪನ ಪತ್ರದ ಋಣ ಉಂಡ ಶಾಸ್ತ್ರ ಬೇಗನೇ ಹೆತ್ತವರ ಮೇಲೆಯೇ ತಿರುಗಿಬಿತ್ತು. ತಾಯಿಗೆ ಮಮತೆ ಸಾಲದ್ದರಿಂದ ಮಗು ಹೀಗಾಯಿತು ಎಂಬ ವಾದಕ್ಕೆ 1967ರಲ್ಲಿ ಬ್ರೂನೋ ಬೆಟ್ಟೆಲ್‌ಹೈಮ್ ದೊಡ್ಡ ಪ್ರಚಾರ ಕೊಟ್ಟರು. ಅದಕ್ಕೂ ಮೊದಲೇ, 1964ರಲ್ಲಿ, ಮನಃಶಾಸ್ತ್ರಜ್ಞರೂ ಆಟಿಸಂ ಇರುವ ಮಗನ ತಂದೆಯೂ ಆಗಿದ್ದ ಬರ್ನಾರ್ಡ್ ರಿಮ್ಲಾಂಡ್ ಈ ವಾದವನ್ನು ಅಲ್ಲಗಳೆದು ಪುಸ್ತಕ ಬರೆದಿದ್ದರು. ಅದರ ಕೊನೆಗೆ ಒಂದು ಪ್ರಶ್ನಾವಳಿ ಸೇರಿಸಿದ್ದರು. ಹೆತ್ತವರು ಅದನ್ನು ತುಂಬಿ ಅಂಚೆಯಲ್ಲಿ ಅವರಿಗೆ ಕಳಿಸತೊಡಗಿದರು. ಮನೆಯವರು ಸಂಶೋಧನೆಯ ಒಳಗೆ ಕಾಲಿಟ್ಟದ್ದು ಹೀಗೆ.

ಆದರೆ ಮಾತನಾಡುತ್ತಿದ್ದವರು ಹೆತ್ತವರು ಮಾತ್ರ. 1993ರಲ್ಲಿ ಟೊರಾಂಟೊ ಸಮ್ಮೇಳನದಲ್ಲಿ ಜಿಮ್ ಸಿಂಕ್ಲೇರ್, ಸ್ವತಃ ಆಟಿಸಂ ಇರುವವರು, ‘ನಮಗಾಗಿ ಶೋಕಿಸಬೇಡಿ’ ಎಂದು ಹೆತ್ತವರಿಗೇ ಹೇಳಿದರು. 2006ರಲ್ಲಿ ಅಮೆರಿಕದಲ್ಲಿ ಶುರುವಾದ ‘ಆಸ್ಪೈರ್’ ಗುಂಪಿನಲ್ಲಿ ವಿಜ್ಞಾನಿಗಳೂ ಆಟಿಸಂ ಇರುವ ವಯಸ್ಕರೂ ಸರಿಸಮಾನರು. ಬೇರೆಡೆಯ ಪ್ರಶ್ನಾವಳಿಗಳನ್ನು ಅವರು ಹಾಗೇ ಬಳಸುವುದಿಲ್ಲ. ‘ಕೆಲವೊಮ್ಮೆ’, ‘ಆಗಾಗ’ ಎಂಬಂಥ ಅಳತೆಯಿಲ್ಲದ ಉತ್ತರಗಳ ಪಕ್ಕ ಚಿತ್ರ ಹಾಕುತ್ತಾರೆ, ನುಡಿಗಟ್ಟಿಗೆ ಅರ್ಥ ಬರೆಯುತ್ತಾರೆ. ಬಾಯಿಮಾತಿಗಿಂತ ಬರಹ ಸುಲಭ ಎನ್ನುವವರು ಬರೆದೇ ಚರ್ಚಿಸಬಹುದು.

ಆಟಿಸಂ ಇರುವವರನ್ನು ಕೇಳುವ ಈ ಕೆಲಸ ತಡವಾದರೆ ಏನಾಗುತ್ತದೆ ಎಂಬುದು 2021ರಲ್ಲಿ ಇಂಗ್ಲೆಂಡಿನಲ್ಲಿ ಗೊತ್ತಾಯಿತು. ಆಟಿಸಂ ಇರುವ 10,000 ಜನರ ಡಿಎನ್‌ಎ ಸಂಗ್ರಹಿಸುವ ‘ಸ್ಪೆಕ್ಟ್ರಮ್ 10ಕೆ’ ಯೋಜನೆ ಆಗಸ್ಟ್‌ನಲ್ಲಿ ಆರಂಭವಾಗಿ ಸೆಪ್ಟೆಂಬರ್‌ನಲ್ಲೇ ನಿಂತಿತು. ನಮ್ಮ ಡಿಎನ್‌ಎ ಮುಂದೆ ಯಾವುದಕ್ಕೆ ಬಳಕೆಯಾಗುತ್ತದೆ, ನಮ್ಮನ್ನು ಮೊದಲೇ ಯಾಕೆ ಸರಿಯಾಗಿ ಕೇಳಲಿಲ್ಲ ಎಂಬ ಆಕ್ಷೇಪಕ್ಕೆ ಯೋಜನೆಯವರ ಬಳಿ ಸಮಾಧಾನದ ಉತ್ತರವಿರಲಿಲ್ಲ.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳಿಗೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್‌ನದ್ದು ಬೇರೆಯೇ ವಿಷಯ. ಆಟಿಸಂ ಜೊತೆ ಕಲಸಬಾರದು. ಆದರೆ ‘ಅಧ್ಯಯನಕ್ಕೆ ಒಳಗಾಗುವುದು’ ಎಂದರೇನೆಂದು ಪಡ್ರೆ, ವಾಣಿನಗರದವರಿಗೆ ಗೊತ್ತು. ಅಲ್ಲಿ ಮೊದಲ ಪ್ರಶ್ನೆ ಎತ್ತಿದ್ದು ಹೊರಗಿನ ಪ್ರಯೋಗಾಲಯವಲ್ಲ. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಮತ್ತು ಊರವರು. ಅಲ್ಲಿನ 117 ಹುಡುಗರನ್ನು ಬೇರೆ ಊರಿನ 90 ಹುಡುಗರೊಂದಿಗೆ ಹೋಲಿಸಿದ ವೈಜ್ಞಾನಿಕ ಪ್ರಬಂಧ ಹೊರಬಂದದ್ದು 2003ರಲ್ಲಿ.

ಕಾನೂನು ಈಗ ಸ್ಪಷ್ಟವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 6ನೇ ಕಲಮಿನ ಪ್ರಕಾರ, ಆ ವ್ಯಕ್ತಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಿ ಒಪ್ಪಿಗೆ ಪಡೆಯದೆ ಸಂಶೋಧನೆ ಮಾಡುವಂತಿಲ್ಲ. ಜೊತೆಗೆ ಸರ್ಕಾರದ ಸಂಶೋಧನಾ ಸಮಿತಿಯ ಪೂರ್ವಾನುಮತಿ ಬೇಕು. ಅದರ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಅಂಗವಿಕಲರು ಅಥವಾ ಅವರ, ಅವರ ಹೆತ್ತವರ ನೋಂದಾಯಿತ ಸಂಘಟನೆಗಳವರಾಗಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಕ್ಕಳ ಬಾಯಿಮಾತಿನ ಸಮ್ಮತಿ, ಆಮೇಲೆ 18ರವರೆಗೆ ಲಿಖಿತ ಸಮ್ಮತಿ ಬೇಕು. ಅಮ್ಮನ ಸಹಿಯೊಂದೇ ಸಾಲದು. ಮಾತಿಲ್ಲದ ಮಗು ಕೈ ಹಿಂದಕ್ಕೆಳೆದರೆ, ಬಾಗಿಲ ಕಡೆ ನಡೆದರೆ ಅದನ್ನು ‘ಬೇಡ’ ಎಂದೇ ಓದಬೇಕು. ಯಾವ ಮಗು ಹೇಗೆ ಬೇಡವೆನ್ನುತ್ತದೆ ಎಂಬುದನ್ನು ಮನೆಯವರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಗಡಿನಾಡಿನಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಭಾಷೆಯಲ್ಲಿ. ಮನೆಯೊಳಗೆ ತುಳು ಅಥವಾ ಹವ್ಯಕ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಇಂಗ್ಲಿಷ್ ನಮೂನೆಯನ್ನು ಕನ್ನಡಕ್ಕೆ ತಂದು, ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡುವುದು ರೂಢಿ. ತಪ್ಪು ಪದ ಇದರಲ್ಲಿ ಸಿಕ್ಕಿಬೀಳುತ್ತದೆ, ತಪ್ಪು ಪ್ರಶ್ನೆ ಸಿಕ್ಕುವುದಿಲ್ಲ. ಡೊನಾಲ್ಡನ ಸ್ನಾನವನ್ನೇ ನೋಡಿ. ‘ಮಗು ನಾನು, ನೀನು ಅದಲುಬದಲು ಮಾಡುತ್ತದೆಯೇ?’ ಎಂದರೆ ಇಲ್ಲಿನ ಅಮ್ಮ ‘ಇಲ್ಲ’ ಎಂದಾಳು, ಸುಳ್ಳಲ್ಲ. ನಮ್ಮಲ್ಲಿ ‘ನೀರು ಬೇಕು’ ಎನ್ನಲು ‘ನಾನು’ ಬೇಕಿಲ್ಲ. ತುಳುವಿನ ‘ನೀರ್ ಬೋಡು’, ಮಲಯಾಳದ ‘ವೆಳ್ಳಂ ವೇಣಂ’ ಕೂಡ ಹಾಗೇ. ಅದಲುಬದಲು ಕಾಣುವುದು ಕೊನೆಯ ಸ್ವರದಲ್ಲಿ: ಬಾಯಾರಿದ ಮಗು ಲೋಟ ಹಿಡಿದು ‘ನೀರು ಬೇಕಾ?’ ಎನ್ನುತ್ತದೆ. ಮೂಲ ಪ್ರಶ್ನೆಯನ್ನು ಪದಕ್ಕೆ ಪದ ತರ್ಜುಮೆ ಮಾಡಿದವರಿಗೆ ಇದು ಕಾಣದು.

ಆದ್ದರಿಂದ ನಮೂನೆ ಅಚ್ಚಿಗೆ ಹೋಗುವ ಮೊದಲೇ ಐದಾರು ಮನೆಯವರನ್ನೂ ಆಟಿಸಂ ಇರುವ ಒಂದಿಬ್ಬರು ವಯಸ್ಕರನ್ನೂ ಕೂರಿಸಿ, ಒಂದೊಂದೇ ಪ್ರಶ್ನೆ ಓದಿ, ‘ಇದರಿಂದ ನಿಮಗೆ ಏನು ತಿಳಿಯಿತು, ನಿಮ್ಮ ಮಾತಲ್ಲಿ ಹೇಳಿ’ ಎಂದು ಕೇಳಬೇಕು. ಕೋಣೆಯ ಫೋಟೋ, ಚರ್ಚೆಯ ವಿಷಯ ವಾರ ಮೊದಲೇ ತಲುಪಲಿ. ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಇರದ ಕೋಣೆ ಸಿಗಲಿ. ಬಸ್ ಚಾರ್ಜಿನ ಜೊತೆ ಕಳೆದುಹೋದ ದಿನದ ಕೂಲಿಯನ್ನೂ ಆ ದಿನವೇ ಕೈಗೆ ಕೊಡಬೇಕು, ‘ಆಮೇಲೆ ಅಕೌಂಟಿಗೆ ಬರುತ್ತದೆ’ ಎನ್ನಬಾರದು. ಇದಕ್ಕೆಲ್ಲ ಹಣ ಬೇಕು. ಅನುದಾನದ ಅರ್ಜಿಯಲ್ಲೇ ಬರೆಯದಿದ್ದರೆ ಆಮೇಲೆ ಎಲ್ಲಿಂದಲೂ ಹುಟ್ಟುವುದಿಲ್ಲ.